ಮುಟ್ಟು ನಿಲ್ಲುವ ಕಾಲದ ಮೈಗ್ರೇನ್, ತಲೆಸುತ್ತು: ಪ್ಯಾಚ್, ಜೆಲ್, ಮಾತ್ರೆಗಳಲ್ಲಿ ಯಾವುದು ವಾಸಿ?

ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಅರೆತಲೆನೋವು ಕೆರಳುವುದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆ ಆದದ್ದಕ್ಕಿಂತ ಅದು ಏರಿಳಿಯುವುದರಿಂದ. ಮೇಲೇರಿದ್ದು ದಿಢೀರನೆ ಕುಸಿದಾಗ ತಲೆ ಸಿಡಿಯುತ್ತದೆ. ಹಾಗಾಗಿ ಔಷಧ ಎಷ್ಟು ಈಸ್ಟ್ರೋಜನ್ ಕೊಡುತ್ತದೆ ಎನ್ನುವುದಕ್ಕಿಂತ ಎಷ್ಟು ಸಮನಾಗಿ ಕೊಡುತ್ತದೆ ಎಂದು ನೋಡಬೇಕು.

ಆ ಲೆಕ್ಕದಲ್ಲಿ ಈಸ್ಟ್ರೋಜನ್ ಮಾತ್ರೆ ಮೊದಲೇ ಹಿಂದೆ ಬೀಳುತ್ತದೆ. ದಿನದೊಳಗೇ ಮಟ್ಟ ಏರಿ ಇಳಿಯುತ್ತದೆ, ಯಕೃತ್ತಿನ ಮೂಲಕ ಹಾಯುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಔರಾ, ಅಂದರೆ ನೋವಿಗೆ ಮುಂಚೆ ಕಣ್ಣಮುಂದೆ ಮಿಂಚುಗೆರೆ ಕಾಣುವವರಿಗಂತೂ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಆಗಿ ಚರ್ಮದ ಮೂಲಕ ಕೊಡುವುದೇ ವಾಸಿ. ಔರಾ ಇದ್ದರೆ ಈಸ್ಟ್ರೋಜನ್ ಬೆರೆತ ಸಂಯುಕ್ತ ಗರ್ಭನಿರೋಧಕ ಗುಳಿಗೆ ಸಲ್ಲದು, ಆ ನಿಷೇಧವನ್ನು ಕಡಿಮೆ ಪ್ರಮಾಣದ ಪ್ಯಾಚ್‌ಗೂ ಹೊರಿಸಿಬಿಡುವುದು ಸಾಮಾನ್ಯ ತಪ್ಪು.

ಪ್ಯಾಚ್ ವಾರಕ್ಕೆರಡು ಬಾರಿ ಬದಲಿಸುವಂಥದ್ದು. ದಿನಕ್ಕೆ 25 ಮೈಕ್ರೊಗ್ರಾಂ ಬಿಡುವುದರಿಂದ ಶುರುಮಾಡಿ, ಅಗತ್ಯವಿದ್ದರೆ 50ಕ್ಕೆ ಏರಿಸುತ್ತಾರೆ. ಕಿಬ್ಬೊಟ್ಟೆ ಅಥವಾ ಪೃಷ್ಠದ ಮೇಲೆ, ಎಣ್ಣೆ-ಕ್ರೀಮ್ ಇಲ್ಲದ ಒಣ ಚರ್ಮಕ್ಕೆ ಅಂಟಿಸಿ 10 ಸೆಕೆಂಡ್ ಅಂಗೈಯಿಂದ ಒತ್ತಬೇಕು. ಎದೆಯ ಮೇಲೆ ಅಂಟಿಸಬಾರದು. ಪ್ರತಿ ಸಲ ಬದಲಿಸುವ ಹಿಂದಿನ ದಿನವೇ ನೋವು ಬಂದರೆ ಪ್ಯಾಚ್ ಬರಿದಾಗುತ್ತಿದೆ ಎಂದರ್ಥ. ಪ್ರಮಾಣ ಏರಿಸುವ ಮೊದಲು, ಬೇಗ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬೆವರಿಗೆ ಅಂಚು ಏಳುವವರಿಗೆ, ಅಂಟಿಗೆ ಚರ್ಮ ಕೆಂಪಾಗುವವರಿಗೆ ಜೆಲ್ ಸರಿ. ಆದರೆ ಅದು ದಿನನಿತ್ಯದ ಶಿಸ್ತು, ಒಂದು ದಿನ ಮರೆತರೆ ಅದೇ ಕುಸಿತ.

ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ತಿಂಗಳಲ್ಲಿ 12 ದಿನ 200 ಮಿ.ಗ್ರಾಂ. ಕೊಟ್ಟು ನಿಲ್ಲಿಸುವ ಕ್ರಮದಲ್ಲಿ ಕೆಲವರಿಗೆ ತಲೆನೋವು ಕೆರಳುತ್ತದೆ. ನಿತ್ಯ 100 ಮಿ.ಗ್ರಾಂ. ಸಮನಾದದ್ದು, ಆದರೆ ಮುಟ್ಟು ಪೂರ್ತಿ ನಿಲ್ಲದವರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಮಂಪರು, ತೂಗಾಟ ತರುವುದರಿಂದ ಮಲಗುವ ಹೊತ್ತಿಗೇ ನುಂಗಬೇಕು.

ಹಾರ್ಮೋನ್ ಒಗ್ಗದವರಿಗೆ ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್ ಒಂದೇ ಕಲ್ಲಿಗೆ ಎರಡು ಹಕ್ಕಿ: ಮೈಗ್ರೇನ್ ತಡೆಯುವುದರ ಜೊತೆಗೆ ಮೈಯೇರುವ ಬಿಸಿ ಝಳವನ್ನೂ ತಗ್ಗಿಸುತ್ತದೆ. 37.5 ಮಿ.ಗ್ರಾಂ.ನಿಂದ ಆರಂಭ. ಒಂದು ಹೊತ್ತು ತಪ್ಪಿದರೂ ತಲೆಸುತ್ತು ತರುತ್ತದೆ, ರಕ್ತದೊತ್ತಡವನ್ನೂ ಏರಿಸಬಹುದು. ಮೈಗ್ರೇನ್ ತಡೆಯಲು ಕೊಡುವ ಇನ್ನೊಂದು ಮಾತ್ರೆ ಪ್ರೊಪ್ರನಲಾಲ್ ಝಳಕ್ಕೆ ಆಗದು, ಆಸ್ತಮಾ ಇದ್ದರೆ ಮುಟ್ಟಲೇಬಾರದು. ಮೆಗ್ನೀಷಿಯಂ 400 ಮಿ.ಗ್ರಾಂ. ಸೌಮ್ಯ, ಭೇದಿಯೊಂದೇ ಕಾಟ. ಮೂತ್ರಪಿಂಡ ಸರಿ ಇರಬೇಕು, ಫಲಕ್ಕೆ 3 ತಿಂಗಳು ಕಾಯಬೇಕು. ಮುಟ್ಟಿಗೆ 2 ದಿನ ಮೊದಲೇ ನೋವುನಿವಾರಕ ನೆಪ್ರಾಕ್ಸೆನ್ ಶುರುಮಾಡುವ ಉಪಾಯ ಈ ವಯಸ್ಸಿನಲ್ಲಿ ಕೈಕೊಡುವುದೇ ಹೆಚ್ಚು, ಮುಟ್ಟು ಯಾವಾಗ ಬರುತ್ತದೆಂದೇ ತಿಳಿಯದಲ್ಲ! ಮೈಗ್ರೇನ್ ಬಂದಾಗ ನುಂಗುವ ಟ್ರಿಪ್ಟಾನ್ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು ನುಂಗಿದರೆ ಔಷಧವೇ ತಲೆನೋವಾಗುತ್ತದೆ.

ತಲೆಸುತ್ತಿಗೆ ಬೇರೆಯದೇ ತಕ್ಕಡಿ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಒಂದು ನಿಮಿಷದೊಳಗೆ ಸುತ್ತಿ ನಿಂತರೆ ಅದು ಕಿವಿಯೊಳಗಿನ ಹರಳು ಜಾರಿದ್ದು. ನಿಮಿಷಗಳಿಂದ 3 ದಿನದವರೆಗೆ ಎಳೆದು, ಬೆಳಕು-ಸದ್ದು ಸಹಿಸಲಾಗದಿದ್ದರೆ ಮೈಗ್ರೇನಿನದೇ ಇನ್ನೊಂದು ಮುಖ, ತಲೆನೋವಿಲ್ಲದೆಯೂ ಬರುತ್ತದೆ. ಮೊದಲನೆಯದಕ್ಕೆ ಎಪ್ಲಿ ಕ್ರಮ ಮಾತ್ರೆಗಳನ್ನು ಮೀರಿಸುತ್ತದೆ: ಕುಳಿತು ತೊಂದರೆಯ ಕಿವಿಯ ಕಡೆಗೆ ತಲೆಯನ್ನು 45 ಡಿಗ್ರಿ ತಿರುಗಿಸಿ, ತಲೆ ಕೊಂಚ ಇಳಿಬಿದ್ದಂತೆ ಹಿಂದಕ್ಕೆ ಮಲಗಿ, ಅಲ್ಲಿಂದ ತಲೆ ಆಚೆ ಕಡೆಗೆ 90 ಡಿಗ್ರಿ, ನಂತರ ಮೈಯೊಂದಿಗೆ ಇನ್ನೂ 90, ಮೂಗು ನೆಲದತ್ತ, ಕೊನೆಗೆ ಎದ್ದು ಕೂರುವುದು. ಪ್ರತಿ ಭಂಗಿಯಲ್ಲಿ 30-60 ಸೆಕೆಂಡ್. ಯಾವ ಕಿವಿ ಎಂಬುದು ತಪ್ಪಿದರೆ ಫಲವಿಲ್ಲ, ಕುತ್ತಿಗೆ ನೋವಿದ್ದರೆ ತಜ್ಞರ ಕೈಯಲ್ಲೇ ಆಗಲಿ. ತಲೆಸುತ್ತಿನ ಮಾತ್ರೆ ಸಿನ್ನರಿಜಿನ್ ನಾಲ್ಕಾರು ದಿನಕ್ಕೆ ಸಾಕು. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಸಮತೋಲ ಕಲಿಯುವುದನ್ನೇ ತಡೆಯುತ್ತದೆ, ಕೈನಡುಕವನ್ನೂ ತರಬಹುದು.

ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ, ಜೊತೆಗೆ ಮುಟ್ಟು ಅತಿಯಾಗಿ ಹೋಗುತ್ತಿದ್ದರೆ, ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಪರೀಕ್ಷೆ ಮೊದಲು. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಯಾವ ಹೋಲಿಕೆಯೂ ಬೇಡ, ಆ ಗಳಿಗೆಯಲ್ಲೇ ಆಸ್ಪತ್ರೆ.