ಶ್ರಾತ್ ವ್ಯಾಯಾಮ: ಮಗಳಿಗೆ ಮೂರು ವರ್ಷ ಮಾಡಿಸಿದ ಮೇಲೆ

ಮೊದಲು ಅಂಕಿ ಹೇಳಿಬಿಡುತ್ತೇನೆ, ಎಲ್ಲರೂ ಹುಡುಕುವುದು ಅದನ್ನೇ. ಬಾಗಿದ ಬೆನ್ನುಮೂಳೆಗೆ ಮಾಡಿಸುವ ಈ ವ್ಯಾಯಾಮ ಶುರು ಮಾಡಿದಾಗ ಮಗಳಿಗೆ 12 ವರ್ಷ, ಬೆನ್ನುಮೂಳೆಯ ಬಾಗು 24 ಡಿಗ್ರಿ. ಈಗ 15 ದಾಟಿದೆ, ಬಾಗು 27 ಡಿಗ್ರಿ. "ಅಷ್ಟು ದುಡ್ಡು ಸುರಿದು ಮೂರು ಡಿಗ್ರಿ ಜಾಸ್ತಿ ಮಾಡಿಸ್ಕೊಂಡ್ ಬಂದ್ರಾ?" ಅಂದರು ನಮ್ಮ ಭಾವ. ಹಾಗಲ್ಲ ಅಂತ ಅವರಿಗೆ ತಿಳಿಸೋಕೆ ಆಗಲಿಲ್ಲ, ಇಲ್ಲಿ ಪ್ರಯತ್ನಿಸುತ್ತೇನೆ.

ನಾನು ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಜಾಬ್ ವರ್ಕ್ ಮಾಡುವವಳು, ಜೊತೆಗೆ ಓಣಿಯವರ ಬ್ಲೌಸ್ ಹೊಲಿಗೆ. ಆ ವರ್ಷ ಯುಗಾದಿಗೆ ಮಗಳಿಗೆ ಲಂಗ ಬ್ಲೌಸ್ ಹೊಲಿದರೆ ಕುತ್ತಿಗೆ ಎಡಕ್ಕೆ ಜಾರುತ್ತಿತ್ತು, ಲಂಗದ ಅಂಚು ಒಂದು ಕಡೆ ಎರಡು ಬೆರಳು ಮೇಲೆ. ನನ್ನ ಕಟಿಂಗೇ ತಪ್ಪಿರಬೇಕು ಅಂತ ಎರಡು ಸಲ ಬಿಚ್ಚಿ ಹೊಲಿದೆ. ಹಬ್ಬದ ಬೆಳಿಗ್ಗೆ ಅವಳು ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದಳು. ನಾನು ಹಿಂದೆ ನೀರಿನ ಬಕೆಟ್ ಹಿಡಿದು ನಿಂತಿದ್ದೆ. ಬೆನ್ನಿನ ಬಲಭಾಗ ದಿಣ್ಣೆಯ ಹಾಗೆ ಎದ್ದಿತ್ತು, ಎಡಭಾಗ ತಗ್ಗು. ಡಾಕ್ಟರು ಪರೀಕ್ಷೆ ಮಾಡುವುದೂ ಹೀಗೇ, ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ, ಅಂತ ಆಮೇಲೆ ಗೊತ್ತಾಯಿತು.

ಸ್ಕೂಲ್ ಬ್ಯಾಗಿನ ಭಾರ ಅಂದರು, ಮೊಬೈಲ್ ಅಂದರು, ಹಾಸಿಗೆ ಬದಲಿಸಿ ಅಂದರು. ಬ್ಯಾಗಿನಿಂದ ಬೆನ್ನು ನೋಯಬಹುದು, ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು, ಬರುವುದಿಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಬಹುಪಾಲು ಇದಕ್ಕೆ ಇಂಥದ್ದೇ ಕಾರಣ ಅಂತ ಇರುವುದಿಲ್ಲ. ಇದು ತಿಳಿಯುವ ಮೊದಲು ನಾವು ಒಂದು ಕಡೆ ಹದಿನೆಂಟು ಸಾವಿರ ಕಟ್ಟಿಯಾಗಿತ್ತು. ಹೆಸರು ಬೇಡ. ಮೂರು ತಿಂಗಳಲ್ಲಿ ನೆಟ್ಟಗೆ ಮಾಡುತ್ತೇವೆ ಅಂದಿದ್ದರು. ಮೇಜಿನ ಮೇಲೆ ಮಲಗಿಸಿ ಎಳೆಯುವುದು, ಎಣ್ಣೆ ತಿಕ್ಕುವುದು. ಮೊದಲೂ ಎಕ್ಸ್‌ರೇ ತೆಗೆಯಲಿಲ್ಲ, ಕೊನೆಗೂ ತೆಗೆಯಲಿಲ್ಲ. ಅಳತೆಯನ್ನೇ ತೆಗೆದುಕೊಳ್ಳದೆ ಬಟ್ಟೆ ಹೊಲಿದ ಹಾಗೆ! ನನಗಾದರೂ ಅದು ಹೊಳೆಯಬೇಕಿತ್ತು.

ಕೊನೆಗೆ ಮೂಳೆ ಡಾಕ್ಟರೊಬ್ಬರು ನಿಲ್ಲಿಸಿ ಪೂರ್ತಿ ಬೆನ್ನಿನ ಎಕ್ಸ್‌ರೇ ತೆಗೆಸಿದರು. ಬಾಗಿನ ಮೇಲ್ತುದಿಯ ಮೂಳೆಗೊಂದು, ಕೆಳತುದಿಯದಕ್ಕೊಂದು ಗೆರೆ ಎಳೆದು ನಡುವಿನ ಕೋನ ಅಳೆದರು. ಅದಕ್ಕೆ ಕಾಬ್ ಕೋನ ಅಂತಾರೆ, 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಆಮೇಲೆ ಅವರು ತೋರಿಸಿದ್ದು ಬೆನ್ನನ್ನಲ್ಲ, ಸೊಂಟದ ಮೂಳೆಯ ಅಂಚನ್ನು. ಅಲ್ಲಿ ಹೊಸ ಮೂಳೆಯ ಗೆರೆ ಇನ್ನೂ ಮೂಡಿರಲಿಲ್ಲ. ಬೆಳವಣಿಗೆ ಎಷ್ಟು ಬಾಕಿ ಅಂತ ಆ ಗೆರೆಯಿಂದ ಹೇಳುವ ಅಳತೆಗೆ ರಿಸ್ಸರ್ ಅಂತಾರೆ, ಇವಳದು ರಿಸ್ಸರ್ ಸೊನ್ನೆ. ಮಗಳು ಇನ್ನೂ ದೊಡ್ಡವಳಾಗಿರಲಿಲ್ಲ. ಅಂದರೆ ಬೆಳವಣಿಗೆಯ ಓಟ ಮುಂದಿದೆ, ಬಾಗು ಓಡುವುದೂ ಅದರ ಜೊತೆಗೇ. 25ರ ಒಳಗಿದ್ದರೆ ವ್ಯಾಯಾಮ ಮಾಡಿಸುತ್ತಾ ಕಾಯೋಣ, ದಾಟಿದರೆ ಬ್ರೇಸ್ (ಮೈಗೆ ಬಿಗಿಯುವ ಪ್ಲಾಸ್ಟಿಕ್ ಕವಚ), 50ರ ಹತ್ತಿರ ಹೋದರೆ ಆಪರೇಷನ್ ಮಾತು. ಇಷ್ಟನ್ನೂ ಅವರು ಹತ್ತು ನಿಮಿಷದಲ್ಲಿ ಹೇಳಿದರು. ಶ್ರಾತ್ ಅನ್ನುವ ಹೆಸರು ಕೇಳಿದ್ದೂ ಅವರಿಂದಲೇ.

ಮನೆಗೆ ಬಂದು ಹೇಳಿದರೆ ಅತ್ತೆ ಸಿಡಿದುಬಿಟ್ಟರು. "ಕೂಸಿಗೆ ಶ್ರಾದ್ಧ ಮಾಡಿಸ್ತೀವಿ ಅಂತೀರಲ್ಲ, ಬಾಯಿ ಹೆಂಗ್ ಬರ್ತೈತೆ ನಿಮಗೆ?" ಮಾಡುವಾಗ ಮೈ ಕೆಳಗೆ ಅಕ್ಕಿ ಚೀಲ ಇಡುತ್ತಾರೆ, ಹಾಗಾಗಿ ನಮ್ಮ ಮನೆಯಲ್ಲಿ ಅದರ ಹೆಸರು ಅಕ್ಕಿ ಎಕ್ಸರ್‌ಸೈಜ್.

ಕ್ಯಾಥರೀನಾ ಶ್ರಾತ್ ಜರ್ಮನಿಯ ಹೆಂಗಸು, ಅವರ ಬೆನ್ನೇ ಬಾಗಿತ್ತು. ತಗ್ಗು ಬಿದ್ದ ಚೆಂಡಿಗೆ ಗಾಳಿ ತುಂಬಿದರೆ ತಗ್ಗು ಏಳುತ್ತದಲ್ಲ, ಹಾಗೆ ಉಸಿರನ್ನು ಎದೆಗೂಡಿನ ತಗ್ಗಿನ ಕಡೆಗೇ ಕಳಿಸಬಹುದೇ ಅಂತ ಕನ್ನಡಿ ಮುಂದೆ ನಿಂತು ತಮ್ಮ ಮೇಲೇ ಪ್ರಯೋಗ ಮಾಡಿದವರು. 1921ರ ಹೊತ್ತಿಗೆ ಬೇರೆಯವರಿಗೂ ಕಲಿಸತೊಡಗಿದರು. ಬೆಂಗಳೂರಿನ ಥೆರಪಿಸ್ಟ್ ಈ ಕಥೆ ಹೇಳಿದಾಗ ಮಗಳಿಗೆ ಅರ್ಧ ಪಾಠ ಅರ್ಥವಾಗಿತ್ತು.

ತರಬೇತಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುವುದು. ಮೊದಲು ಹತ್ತು ದಿನ ಅಲ್ಲೇ ನೆಂಟರ ಮನೆಯಲ್ಲಿದ್ದು ಕಲಿತೆವು, ಆಮೇಲೆ ಮೂರು ತಿಂಗಳಿಗೊಮ್ಮೆ, ನಡುವೆ ವಿಡಿಯೋ ಕಾಲ್. ಒಬ್ಬರ ವ್ಯಾಯಾಮ ಇನ್ನೊಬ್ಬರಿಗೆ ಆಗುವುದಿಲ್ಲ, ಬಾಗು ಯಾವ ಕಡೆ ಅನ್ನುವುದರ ಮೇಲೆ ಎಲ್ಲ ತಿರುವುಮುರುವು. ದಯವಿಟ್ಟು ಯೂಟ್ಯೂಬ್ ನೋಡಿ ಮಾಡಿಸಬೇಡಿ. ನಮ್ಮವಳಿಗೆ ಅಂಗಾತ ಮಲಗಿದಾಗ ಬಲಬೆನ್ನಿನ ಉಬ್ಬಿನ ಕೆಳಗೆ ಒಂದು ಅಕ್ಕಿ ಚೀಲ, ಎಡಸೊಂಟದ ಕೆಳಗೆ ಇನ್ನೊಂದು. ಬೆನ್ನನ್ನು ಉದ್ದ ಮಾಡಿ, ಎಡಬೆನ್ನಿನ ತಗ್ಗಿಗೆ ಉಸಿರು ತುಂಬಿ, ಬಿಡುವಾಗ ಅದೇ ಭಂಗಿಯಲ್ಲಿ ಸ್ನಾಯು ಬಿಗಿ ಹಿಡಿಯಬೇಕು. ಗೋಡೆ ಏಣಿ ಹಿಡಿದು, ಕನ್ನಡಿ ನೋಡುತ್ತಾ ಇನ್ನಷ್ಟು. ಏಣಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು, ಮೊದಲ ವಾರವೇ ಗೋಡೆಯ ಬೋಲ್ಟ್ ಕಿತ್ತು ಬಂತು, ಪುಣ್ಯಕ್ಕೆ ಅವಳು ಹಿಡಿದಿರಲಿಲ್ಲ. ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ. ನೋಡುವವರಿಗೆ ಏನೂ ಮಾಡದೆ ನಿಂತ ಹಾಗೆ ಕಾಣುತ್ತದೆ, ಮುಗಿಯುವಾಗ ಹುಡುಗಿ ಬೆವರಲ್ಲಿ ತೊಯ್ದಿರುತ್ತಾಳೆ.

ಬೆನ್ನುಮೂಳೆಯ ಗಂಟುಗಳ ಮೇಲೆ ಸಾಲಾಗಿ ಬಿಂದಿ ಅಂಟಿಸಿ ಫೋನಲ್ಲಿ ಫೋಟೋ ತೆಗೆಯುತ್ತಿದ್ದೆ, ಸಾಲು ಎಷ್ಟು ಸೊಟ್ಟ ಅಂತ ಕಾಣಲಿ ಅಂತ. ನನಗೆ ಅದು ಅಳತೆ ಟೇಪಿನ ಹಾಗೆ. ಅವಳಿಗೆ ಏನಾಗಿತ್ತು ಅನ್ನುವುದು ಗೊತ್ತಾಗಿದ್ದು 13ನೇ ವಯಸ್ಸಲ್ಲಿ. ಎರಡು ತಿಂಗಳು ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ಒಂದು ದಿನ ತೆಗೆದು ನೋಡಿದರೆ ಕನ್ನಡಿ ಮೇಲೆ ಟವೆಲ್, ಚೀಲಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಾಳೆ. ಬೈದೆ. "ನಿನ್ ಬೆನ್ನು ನೀನು ಒಂದಿನಾನೂ ನೋಡ್ಕೊಂಡಿಲ್ಲಮ್ಮ. ನಾನು ದಿನಾ ನೋಡ್ಬೇಕಾ?" ಅಂದಳು.

ಈ ಚಿಕಿತ್ಸೆಯ ದುಬಾರಿ ಭಾಗ ಇದೇ, ಫೀಸಿನ ಪಟ್ಟಿಯಲ್ಲಿ ಇರುವುದಿಲ್ಲ. ಕನ್ನಡಿ ತಪ್ಪಿಸಿಕೊಂಡು ಓಡಾಡುವ ವಯಸ್ಸಲ್ಲಿ ಮುಕ್ಕಾಲು ಗಂಟೆ ತನ್ನ ಸೊಟ್ಟವನ್ನೇ ನೋಡುತ್ತಾ ನಿಲ್ಲಬೇಕು. ಥೆರಪಿಸ್ಟ್‌ಗೆ ಫೋನ್ ಮಾಡಿದೆ. ಸ್ವಲ್ಪ ದಿನ ಕನ್ನಡಿ ಬಿಡಿ, ನಿಮ್ಮ ಕೈ ಇಡಿ ಅಂದರು. ಎಡಬೆನ್ನಿನ ತಗ್ಗಿನ ಮೇಲೆ ಅಂಗೈ ಇಟ್ಟು, ಇಲ್ಲಿಗೆ ಉಸಿರು ಕಳಿಸು ಅಂದೆ. ನಾಲ್ಕೈದು ಉಸಿರು ಏನೂ ಇಲ್ಲ. ಆಮೇಲೆ ಪಕ್ಕೆಲುಬುಗಳು ಒಂದರಿಂದೊಂದು ಸರಿದು ಅಂಗೈಯನ್ನು ಹಿಂದಕ್ಕೆ ತಳ್ಳಿದವು. ಇಬ್ಬರೂ ಮಾತಾಡಲಿಲ್ಲ. ಬಿಂದಿ ಫೋಟೋ ನಿಲ್ಲಿಸಿದೆ. ಕನ್ನಡಿಯ ಟವೆಲನ್ನು ಅವಳೇ ತೆಗೆಯಲಿ ಅಂತ ಬಿಟ್ಟೆ, ಒಂದು ತಿಂಗಳ ಮೇಲೆ ತೆಗೆದಳು.

ಅಷ್ಟರಲ್ಲಿ ಒಂದೇ ವರ್ಷಕ್ಕೆ ಏಳು ಸೆಂಟಿಮೀಟರ್ ಬೆಳೆದಿದ್ದಳು. ಎಕ್ಸ್‌ರೇಯಲ್ಲಿ 31. ಇನ್ನು ವ್ಯಾಯಾಮ ಒಂದೇ ಸಾಲದು, ಬ್ರೇಸ್ ಬೇಕು ಅಂದರು ಡಾಕ್ಟರು. ನನಗೆ ಸಿಟ್ಟು ಬಂತು, ಹಾಗಾದರೆ ಇಷ್ಟು ದಿನ ಮಾಡಿಸಿದ್ದು? ಅವರು ಮುಚ್ಚಿಡಲಿಲ್ಲ. ವ್ಯಾಯಾಮದ ಬಗ್ಗೆ ಇರುವ ಅಧ್ಯಯನಗಳು ಚಿಕ್ಕವು, ಬ್ರೇಸಿಗೆ ಗಟ್ಟಿ ಪುರಾವೆ ಇದೆ ಅಂದರು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು, ಸುಮ್ಮನೆ ಕಾದವರಲ್ಲಿ 48. ಹೆಚ್ಚು ಗಂಟೆ ಹಾಕಿದಷ್ಟೂ ಹೆಚ್ಚು ಫಲ.

ಬಳ್ಳಾರಿಯ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಬ್ರೇಸ್! ಬರೆದುಕೊಟ್ಟಿದ್ದು 18 ಗಂಟೆ, ಬೇಸಿಗೆಯಲ್ಲಿ ನಿಜಕ್ಕೂ ಆಗಿದ್ದು 14. ಒಳಗೆ ಹಾಕುವ ಕಾಟನ್ ಬನಿಯನ್‌ಗಳನ್ನು ಪಕ್ಕದ ಹೊಲಿಗೆ ಇಲ್ಲದ ಹಾಗೆ ನಾನೇ ಹೊಲಿದೆ, ಹೊಲಿಗೆ ಒತ್ತಿದ ಕಡೆ ಚರ್ಮ ಕೆಂಪಾಗುತ್ತಿತ್ತು. ಬ್ರೇಸಿಗೆ 38 ಸಾವಿರ, ಬೆಳೆದ ಮೇಲೆ ಇನ್ನೊಂದು. ವ್ಯಾಯಾಮ ಬಿಡಲಿಲ್ಲ. ಬ್ರೇಸ್ ಬಿಚ್ಚಿದ ಹೊತ್ತಲ್ಲಿ ನೆಟ್ಟಗೆ ಕೂರುವ ಅಭ್ಯಾಸ ಅವಳಿಗೆ ಅದರಿಂದಲೇ ಬಂತು ಅನ್ನುವುದು ನನ್ನ ಅಭಿಪ್ರಾಯ, ಎಕ್ಸ್‌ರೇ ಅದನ್ನು ತೋರಿಸುವುದಿಲ್ಲ.

ಈಗ ರಿಸ್ಸರ್ 4, ಬೆಳವಣಿಗೆ ಹತ್ತಿರ ಹತ್ತಿರ ಮುಗಿದಿದೆ. ಬ್ರೇಸ್ ರಾತ್ರಿ ಮಾತ್ರ, ವ್ಯಾಯಾಮ ವಾರಕ್ಕೆ ಮೂರು ದಿನ. ಎಕ್ಸ್‌ರೇ ಅಳತೆಯಲ್ಲೇ ಐದು ಡಿಗ್ರಿ ಆಚೆ ಈಚೆ ಆಗುತ್ತದಂತೆ. ಹಾಗಾಗಿ 31 ಇದ್ದದ್ದು 27ಕ್ಕೆ ಇಳಿಯಿತು ಅಂತ ನಾನು ಕುಣಿಯುವುದಿಲ್ಲ, 24 ಇದ್ದದ್ದು 27 ಆಯಿತು ಅಂತ ಭಾವನವರು ಅಳುವುದೂ ಬೇಡ. ಓಡುವ ವಯಸ್ಸಲ್ಲಿ ನಿಂತಿತು. ಬೆನ್ನು ನೆಟ್ಟಗಾಗುತ್ತದೆ ಅಂತ ಬರುವವರಿಗೆ ಒಂದು ಸ್ಟಾರ್, ನಿಲ್ಲಲಿ ಅಂತ ಬರುವವರಿಗೆ ನಾಲ್ಕು. ಇನ್ನೊಂದು ಸ್ಟಾರ್ ಕಟ್ ಮಾಡಿದ್ದು ಈ ಕಡೆ ಕಲಿಸುವವರು ನಮಗೆ ಸಿಗಲಿಲ್ಲ, ಪ್ರತಿ ಸಲ ರೈಲು ಹತ್ತಬೇಕಾಯಿತು ಅಂತ.

ಹೋದ ತಿಂಗಳು ಚಿಕ್ಕಮ್ಮನ ಮಗಳ ಮದುವೆಗೆ ಬ್ಯಾಕ್ ಡೀಪ್ ಇಡು ಅಂತ ಕೇಳಿದಳು. ಬೆನ್ನಿನ ಎರಡೂ ಕಡೆ ಬೇರೆ ಬೇರೆ ಅಳತೆ ತೆಗೆದು, ಬಲಕ್ಕೆ ಅರ್ಧ ಇಂಚು ಹೆಚ್ಚು ಬಿಟ್ಟು ಹೊಲಿದೆ. ಕುತ್ತಿಗೆ ಜಾರಲಿಲ್ಲ.

ಚೀಲ ಹೊಲಿಯುವವರಿಗೆ: ಅಂಗಡಿಯದ್ದು ಬೇಡ, ಜೀನ್ಸ್ ತುಂಡೇ ಸಾಕು, ಅಂಚಿಗೆ ಡಬಲ್ ಹೊಲಿಗೆ. ನಾವು ತುಂಬಿದ್ದು ಸಿರುಗುಪ್ಪದ ಸೋನಾ ಮಸೂರಿ. ಗಟ್ಟಿಯಾಗಿ ತುಂಬಬೇಡಿ, ಮುಕ್ಕಾಲು ತುಂಬಿದರೆ ಬೆನ್ನಿಗೆ ಕೂರುತ್ತದೆ. ಒಂದು ಬದಿಗೆ ಜಿಪ್ ಇಡಿ. ಮಳೆಗಾಲದಲ್ಲಿ ನುಸಿ ಬೀಳುತ್ತದೆ, ಅಕ್ಕಿ ಸುರಿದು ಬಿಸಿಲಿಗೆ ಹಾಕಬೇಕು.