ಕಿರುಬೆರಳ ಗಾತ್ರದ ಸೂಪರ್‌ಕೆಪಾಸಿಟರ್: ಸುರುಳಿಯಲ್ಲಿ ಅಡಗಿದ ಶಕ್ತಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ 2.7 ವೋಲ್ಟ್, 10 ಫ್ಯಾರಡ್‌ನ ಸೂಪರ್‌ಕೆಪಾಸಿಟರನ್ನು, ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆದು ರೇಡಿಯೊ ಮೂಲಕ ತಿಳಿಸುವ ಸಣ್ಣ ಸಾಧನಕ್ಕೆ ಪುಟ್ಟ ಸೌರಫಲಕದೊಡನೆ ಜೋಡಿಸಿ, ಒಂದು ಮಳೆಗಾಲ ಪೂರ್ತಿ ಬಳಸಿದ್ದೇನೆ. ಸೂಪರ್‌ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಥಟ್ಟನೆ ಕೊಡುವ ಬಿಡಿಭಾಗ; ಎಷ್ಟು ಕೂಡಿಡಬಲ್ಲದು ಎಂಬುದರ ಅಳತೆ ಫ್ಯಾರಡ್.

ಇದಕ್ಕೆ ಮೊದಲು ಹಾಕಿದ್ದು 5.5 ವೋಲ್ಟ್, 1 ಫ್ಯಾರಡ್‌ನ ನಾಣ್ಯದಾಕಾರದ ಕೆಪಾಸಿಟರ್. ಅದರ ಒಳರೋಧ (ತನ್ನೊಳಗೇ ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಸುಮಾರು 30 ಓಮ್ ಇದ್ದುದರಿಂದ, ರೇಡಿಯೊ 100 ಮಿಲಿಆಂಪಿಯರ್ ಎಳೆದ ಕ್ಷಣದಲ್ಲೇ 3 ವೋಲ್ಟ್ ಕುಸಿದು ಸಾಧನ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಗಡಿಯಾರದ ನೆನಪು ಉಳಿಸುವಂಥ ಕೆಲಸಕ್ಕೆ ಅದು ಸಾಕು, ರೇಡಿಯೊಗೆ ಸಾಲದು. ಹೊಸದು ಆ ಹೊರೆಯನ್ನು ಲೆಕ್ಕಕ್ಕೇ ಇಡಲಿಲ್ಲ.

ಒಳಗೇನಿದೆ ಎಂದು ತಿಳಿಯಲು ಅಂಥದೇ ಹೊಸದೊಂದನ್ನು ಪೂರ್ತಿ ಖಾಲಿಮಾಡಿ, ಬಯಲಿನಲ್ಲಿ ಬಿಚ್ಚಿ ನೋಡಿದೆ (ಒಳಗಿನ ದ್ರವ ವಿಷಕಾರಿ, ಬೆಂಕಿಗೂ ಬೇಗ ತುತ್ತಾಗುವಂಥದು, ದಯವಿಟ್ಟು ಯಾರೂ ಮನೆಯೊಳಗೆ ಹೀಗೆ ಮಾಡಬಾರದು). ಇಂಗಾಲದ ಪುಡಿ ಲೇಪಿಸಿದ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ತೆಳು ಕಾಗದ, ಎಲ್ಲವೂ ಚಾಪೆಯಂತೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಬಿಡಿಸಿದರೆ ಒಂದು ಗೇಣಿನ ಆಸುಪಾಸು ಉದ್ದ. ಒಂದು ಗ್ರಾಂ ಸಕ್ರಿಯ ಇಂಗಾಲದ ಒಳಮೈ ಸಾವಿರ ಚದರ ಮೀಟರ್‌ಗೂ ಮಿಗಿಲು ಎಂಬುದನ್ನು ನೆನೆದರೆ, ಅಷ್ಟು ವಿಸ್ತಾರವನ್ನು ಬೆರಳಿನಷ್ಟು ಜಾಗದಲ್ಲಿ ಅಡಗಿಸಿದ ಈ ಸುರುಳಿಯ ಬಗ್ಗೆ ನನಗೆ ನಿಜವಾದ ಗೌರವ ಮೂಡುತ್ತದೆ.

ಕೊರತೆಗಳಿವೆ. ತುಂಬಿದಾಗ ಇದರಲ್ಲಿರುವುದು 36 ಜೂಲ್ ಮಾತ್ರ. ಅರ್ಧ ವೋಲ್ಟೇಜಿನವರೆಗೆ ಬಳಸಿದರೆ 27 ಜೂಲ್ ಸಿಗುತ್ತದೆ, ಅದನ್ನು ಪಡೆಯಲೂ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಬೇಕು. ಆಷಾಢದಲ್ಲಿ ಎಡೆಬಿಡದೆ ಮೋಡ ಕವಿದ ಮೂರನೆಯ ದಿನ ನನ್ನ ಸಾಧನ ನಿಂತುಹೋಯಿತು. 3 ಸೆಂಟಿಮೀಟರ್ ಎತ್ತರದ ಈ ಡಬ್ಬಿ ತೆಳುವಾದ ಪೆಟ್ಟಿಗೆಗಳಲ್ಲಿ ಕೂರುವುದೂ ಇಲ್ಲ.

ಆ ಕೊನೆಯ ತೊಡಕಿಗೆ ಉತ್ತರ ಸುತ್ತುವುದರಲ್ಲಲ್ಲ, ಮಡಚುವುದರಲ್ಲಿದೆ ಎಂದು ನನಗನ್ನಿಸುತ್ತದೆ. 2006ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಚಪ್ಪಟೆ ತಳದ ಮೇಲೆ ಇಂಗಾಲದ ವಿದ್ಯುದ್ವಾರಗಳನ್ನು ರೂಪಿಸಿ, ಬಳಿಕ ಜಪಾನಿನ ಒರಿಗಾಮಿಯಂತೆ ಮಡಚಿ ಸೂಕ್ಷ್ಮ ಕೆಪಾಸಿಟರ್ ಮಾಡಿ ತೋರಿಸಿದರು. 2013ರಲ್ಲಿ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಕಾಗದದ ಲಿಥಿಯಂ ಬ್ಯಾಟರಿಯನ್ನು ಮಿಯುರಾ ಎಂಬ ಒರಿಗಾಮಿ ಮಡಿಕೆಯಲ್ಲಿ ಮಡಚಿ, ಅದೇ ನೆಲವಿಸ್ತೀರ್ಣದಲ್ಲಿ 14 ಪಟ್ಟು ಶಕ್ತಿ ಪಡೆದರು. ಅಂಥದೊಂದು ಎಸ್.ಪಿ. ರಸ್ತೆಯ ಅಂಗಡಿಗೆ ಬಂದ ದಿನ ನಾನು ಮೊದಲ ಗಿರಾಕಿಯಾಗುತ್ತೇನೆ.

ಅಲ್ಲಿಯವರೆಗೆ ಸೌರಫಲಕದ ಜೊತೆ ಬಳಸುವವರು ಇದನ್ನೇ ಧೈರ್ಯವಾಗಿ ಕೊಳ್ಳಬಹುದು. ಎರಡನ್ನು ಸರಣಿಯಲ್ಲಿ ಜೋಡಿಸುವುದಾದರೆ ವೋಲ್ಟೇಜ್ ಎರಡಕ್ಕೂ ಸಮನಾಗಿ ಹಂಚಿಕೆಯಾಗುವಂತೆ ಒಂದೊಂದಕ್ಕೂ ಅಡ್ಡಲಾಗಿ ಸಮತೋಲನದ ರೆಸಿಸ್ಟರ್ ಹಾಕುವುದನ್ನು ಮರೆಯಬಾರದು.