ಮೈಸೂರಿನ ಹಳೆಯ ಕ್ಯಾಮೆರಾ ಬಳಗ: ಟಾರ್ಚು ಹಿಡಿದು ನೋಡುವವರ ಕೂಟ

ಸರಸ್ವತೀಪುರದ ಒಂದು ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಹಳೆಯ ಕ್ಯಾಮೆರಾ ಸಂಗ್ರಾಹಕರ ಬಳಗಕ್ಕೆ ನಾಮಫಲಕವಿಲ್ಲ. ಪರಿಚಯದವರೊಬ್ಬರು ಕರೆದುಕೊಂಡು ಹೋಗದಿದ್ದರೆ ಅಂಥದ್ದೊಂದು ಕೂಟ ಊರಿನಲ್ಲಿದೆಯೆಂಬುದೇ ತಿಳಿಯುವುದಿಲ್ಲ. ವಾರ್ಷಿಕ ಚಂದಾ ಎರಡು ರೀಲು ಕಲರ್ ಫಿಲ್ಮಿನ ಬೆಲೆಯನ್ನು ಮೀರುವುದಿಲ್ಲ, ಕಾಫಿ ಮನೆಯವರದು. ಕಳೆದ ಮಳೆಗಾಲದಿಂದ ಹೋಗಿ ಬರುತ್ತಿರುವ ನಾನು, ಸೇರಲು ಯೋಚಿಸುತ್ತಿರುವವರ ಉಪಯೋಗಕ್ಕಾಗಿ ಅದರ ಹೆಚ್ಚುಗಾರಿಕೆಯನ್ನೂ ಕೊರತೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಳಗದ ನಿಜವಾದ ಬಲವಿರುವುದು ಅದರ ಒಂದು ಕಟ್ಟುಪಾಡಿನಲ್ಲಿ. ಯಾರು ಎಂಥ ಕ್ಯಾಮೆರಾ ತಂದರೂ ಅದರ ಗುಣಗಾನಕ್ಕೆ ಮುಂಚೆ ಹಿಂಬದಿಯ ಮುಚ್ಚಳ ತೆರೆದು, ಒತ್ತಿದಷ್ಟು ಹೊತ್ತು ಶಟರು ತೆರೆದೇ ಇರುವ ‘ಬಿ’ಯಲ್ಲಿ ಅದನ್ನು ಒತ್ತಿ ಹಿಡಿದು, ಲೆನ್ಸಿನ ಮೂಲಕ ಟಾರ್ಚಿನ ಬೆಳಕು ಹಾಯಿಸಿ ಎಲ್ಲರೂ ನೋಡಬೇಕು. ಹೊರಗಿನಿಂದ ಥಳಥಳಿಸುವ ಗಾಜಿನೊಳಗೆ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು ಆಗ ಕಾಣುತ್ತದೆ. ಮೈಸೂರಿನ ಹವೆ ಕರಾವಳಿಯಷ್ಟು ತೇವದ್ದಲ್ಲ ಎಂಬ ಧೈರ್ಯದಲ್ಲಿ ಅನೇಕರು ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿಯೇ ಹಾಕಿ, ಮರದ ಬೀರುವಿನಲ್ಲಿ ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ; ಮಳೆಗಾಲದಲ್ಲಿ ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಒಳಗೆ ಕತ್ತಲೆಯಿರುತ್ತದೆ, ಗಾಳಿಯಾಡುವುದಿಲ್ಲ, ಬೂಷ್ಟಿಗೆ ಇಷ್ಟು ಸಾಕು. ಹೊಸದಾಗಿ ಹಿಡಿದದ್ದನ್ನು ಒರೆಸಿ ತೆಗೆಯಬಹುದು. ಗಾಜಿನ ಮೇಲಿನ ಲೇಪನವನ್ನು ಅದು ಕೊರೆದಿದ್ದರೆ ಗುರುತು ಉಳಿದೇ ಉಳಿಯುತ್ತದೆ. ಚೀಲವನ್ನು ಬೇರೆ ಇಟ್ಟು, ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ ಎಂಬುದು ಇಲ್ಲಿನ ಹಿರಿಯರು ಹೊಸಬರಿಗೆಲ್ಲ ತಪ್ಪದೆ ಹೇಳುವ ಮಾತು. ಇದೊಂದಕ್ಕೇ ಚಂದಾ ಕೊಡಬಹುದೆಂದು ನನ್ನ ಅಭಿಪ್ರಾಯ.

ಮೇಜಿನ ಮೇಲೆ ಬರುವ ಸರಕು ನಮ್ಮ ಊರುಗಳ ಮನೆಗಳಲ್ಲಿ ಇದ್ದಂಥದ್ದೇ. ಭಾರತದಲ್ಲಿಯೇ ತಯಾರಾದ ಆಗ್ಫಾ ಕ್ಲಿಕ್ 3 ಎಲ್ಲರಲ್ಲೂ ಒಂದೊಂದಿದೆ. 120 ಎಂಬ ಅಗಲ ಫಿಲ್ಮಿನ ಒಂದು ರೀಲಿನಲ್ಲಿ 12 ಚೌಕ ಚಿತ್ರಗಳು, ತಿರುಗಿಸಿ ಹೊಂದಿಸಲು ಹೆಚ್ಚೇನೂ ಇಲ್ಲ, ಹಾಗಾಗಿ ಕೆಡಲೂ ಹೆಚ್ಚೇನಿಲ್ಲ. ಸೋವಿಯತ್ ಕಾಲದ ಜೆನಿಟ್‌ಗಳು ಭಾರಕ್ಕೆ ಪ್ರಸಿದ್ಧ. ಅವುಗಳಲ್ಲಿ ‘ಜೆನಿಟ್-ಇ’ ಮಾದರಿಯ, ಬೆಳಕು ಅಳೆಯುವ ಸೆಲೆನಿಯಂ ಮೀಟರಿಗೆ ಬ್ಯಾಟರಿ ಬೇಡ, ಆದರೆ ಹಳತಾದಂತೆ ಅದರ ಚುರುಕು ಕುಂದುತ್ತದೆ. ಎಲ್ಲರ ಕಣ್ಣು ಬೀಳುವುದು 1970ರಲ್ಲಿ ಮಾರುಕಟ್ಟೆಗೆ ಬಂದ ಯಾಶಿಕಾ ಮ್ಯಾಟ್ 124ಜಿ ಮೇಲೆ. ಅದರ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದ್ದು. ಪಾದರಸ ವಿಷವೆಂಬ ಕಾರಣಕ್ಕೆ ಆ ಬ್ಯಾಟರಿಗಳು ನಿಂತುಹೋದವು, ಇಂದಿನ 1.5 ವೋಲ್ಟಿನ ಅಲ್ಕಲೈನ್ ಹಾಕಿದರೆ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸಿ, ಅದನ್ನು ನಂಬಿ ತೆಗೆದ ಚಿತ್ರ ಕಪ್ಪಾಗುವ ಸಂಭವವಿದೆ. ಶ್ರವಣಯಂತ್ರಕ್ಕೆ ಬಳಸುವ ಜಿಂಕ್-ಏರ್ ಬ್ಯಾಟರಿಯ ವೋಲ್ಟೇಜು ಹಳೆಯದಕ್ಕೆ ಬಹಳ ಹತ್ತಿರವಿರುವುದರಿಂದ ಬಳಗದವರು ಅದನ್ನೇ ರಬ್ಬರಿನ ಬಳೆಯೊಳಗೆ ಕೂರಿಸಿ ಬಳಸುತ್ತಾರೆ. ಮೀಟರೇ ಸತ್ತಿದ್ದರೆ 100ರ ವೇಗದ (ಐಎಸ್‌ಒ) ಫಿಲ್ಮಿಗೆ ಒಳ್ಳೆಯ ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್ 16, ಶಟರು ಸೆಕೆಂಡಿನ 125ನೇ ಒಂದು ಭಾಗ ಎಂಬ ಹಳೆಯ ಲೆಕ್ಕವಿದೆ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಅದು ಕೈಕೊಟ್ಟದ್ದನ್ನು ನಾನು ಕಂಡಿಲ್ಲ.

ಕಪ್ಪು-ಬಿಳುಪು ಫಿಲ್ಮನ್ನು ಇಲ್ಲಿಯೇ ತೊಳೆಯಲು ಕಲಿಸುತ್ತಾರೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿನ ಪ್ರಮಾಣಿತ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಮೈಸೂರಿನ ನಲ್ಲಿ ನೀರು ಅದಕ್ಕಿಂತ ಬಿಸಿಯಿರುವುದರಿಂದ ಮಂಜುಗಡ್ಡೆಯ ಬೋಗುಣಿ, ಥರ್ಮಾಮೀಟರು ಎರಡೂ ಸಿದ್ಧವಿರುತ್ತವೆ. ಇದರ ಮಧ್ಯೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನ ಮಾತು ಬಾರದೆ ಇರುವುದಿಲ್ಲ. ಬಂಡೀಪುರ ದಾಟಿದರೆ ಸಿಗುವ ಊರಿನಲ್ಲಿ ಫಿಲ್ಮ್ ತಯಾರಾಗುತ್ತಿದ್ದ ಕಾಲ ಹೋಗಿ, ಈಗ ಪ್ರತಿ ರೀಲೂ ಹೊರದೇಶದಿಂದ ಬರಬೇಕಾಗಿದೆ. ಒಮ್ಮೊಮ್ಮೆ ಸಂಜೆ ಅರಮನೆಯ ದೀಪಾಲಂಕಾರವನ್ನು ಫಿಲ್ಮಿನಲ್ಲಿ ಹಿಡಿಯಲು ಹೊರಡುತ್ತಾರೆ. ಶಟರು ಒಂದು ಸೆಕೆಂಡಿಗಿಂತ ಹೆಚ್ಚು ತೆರೆದಿರಬೇಕಾದಾಗ ಫಿಲ್ಮಿನ ಸಂವೇದನೆ ಕುಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಕೊಡಬೇಕು ಎಂಬುದನ್ನು ಅಲ್ಲಿ ನಿಂತು ಕಲಿತಷ್ಟು ಚೆನ್ನಾಗಿ ಪುಸ್ತಕದಿಂದ ಕಲಿಯಲಾಗದು.

ಇನ್ನು ಕೊರತೆಗಳು. ಸಭೆಯ ಕೊನೆಯ ಅರ್ಧ ಗಂಟೆ ಕೊಡುಕೊಳ್ಳುವ ಮಾತಿಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಕಂಡ ಬೆಲೆಯನ್ನೇ ಹಿಡಿದು, ಬೂಷ್ಟು ಹಿಡಿದ ಕ್ಯಾಮೆರಾಕ್ಕೂ ಅಷ್ಟೇ ಕೇಳುವವರಿದ್ದಾರೆ. ಅದನ್ನಾದರೂ ಸಹಿಸಬಹುದು. ನನಗೆ ಹೆಚ್ಚು ಬೇಸರ ತರಿಸುವುದು ಬೇರೆ. ಮೈಸೂರು, ಮಂಡ್ಯ ಕಡೆಯ ಮುಚ್ಚಿದ ಸ್ಟುಡಿಯೋಗಳಿಂದ ಮರದ ದೊಡ್ಡ ಕ್ಯಾಮೆರಾಗಳು ಬರುತ್ತವೆ. ಅವುಗಳ ಹಿತ್ತಾಳೆಗೆ ಪಾಲಿಶ್ ಹಾಕುತ್ತಾರೆ, ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಬೆಲ್ಲೋಸಿನ ತೂತುಗಳನ್ನು ಕತ್ತಲಲ್ಲಿ ಬಲ್ಬು ಹಿಡಿದು ಹುಡುಕಿ ಮುಚ್ಚುತ್ತಾರೆ. ಆದರೆ ಜೊತೆಗಿದ್ದ ಗಾಜಿನ ನೆಗೆಟಿವ್ ಪೆಟ್ಟಿಗೆಗಳ ಗತಿಯೇನಾಯಿತೆಂದು ಯಾರೂ ಕೇಳುವುದಿಲ್ಲ. ಯಾವ ಸ್ಟುಡಿಯೋ, ಯಾವ ಬೀದಿ, ಎಷ್ಟು ಮದುವೆ, ಎಷ್ಟು ನಾಮಕರಣ ಆ ಲೆನ್ಸಿನ ಮುಂದೆ ಕಳೆದವು ಎಂಬುದನ್ನು ಬರೆದಿಡುವ ಒಂದು ಪುಸ್ತಕವೂ ಬಳಗದಲ್ಲಿಲ್ಲ. ಟಿ.ಎಸ್. ಸತ್ಯನ್ ಅವರಂಥ ಛಾಯಾಗ್ರಾಹಕರು ಹುಟ್ಟಿದ ಊರಿನಲ್ಲಿ, ಸೀರಿಯಲ್ ನಂಬರನ್ನು ಬಾಯಿಪಾಠ ಹೇಳುವ ಸಂಗ್ರಾಹಕರು ಚಿತ್ರಗಳ ಬಗ್ಗೆ ಇಷ್ಟು ನಿರಾಸಕ್ತರಾಗಿರುವುದು ನನಗೆ ಒಪ್ಪುವುದಿಲ್ಲ. ದಾಖಲೆ ಪುಸ್ತಕ ಇಡೋಣವೆಂದು ಸೂಚಿಸಿದಾಗ, ‘ಮುಂದಿನ ತಿಂಗಳು ನೋಡೋಣ ಸಾರ್’ ಎಂದರು. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ಷೋಕೇಸಿನಲ್ಲಿಡಲು ಮಾತ್ರ ಕ್ಯಾಮೆರಾ ಬೇಕೆನ್ನುವವರಿಗೆ ಈ ಬಳಗದಿಂದ ಹೆಚ್ಚು ಪ್ರಯೋಜನವಿಲ್ಲ. ತಾತನ ಕ್ಯಾಮೆರಾ ಬೀರುವಿನಲ್ಲಿದೆ, ಅದರಲ್ಲಿ ಮತ್ತೆ ಚಿತ್ರ ತೆಗೆಯಬೇಕು ಎನ್ನುವವರು ಖಂಡಿತ ಹೋಗಬಹುದು. ಮೊದಲ ಸಭೆಯಲ್ಲಿ ಏನನ್ನೂ ಕೊಳ್ಳದಿರುವುದು ಒಳ್ಳೆಯದು. ಕೊಳ್ಳಲೇಬೇಕೆನಿಸಿದರೆ ಒಂದು ರೀಲು ಓಡಿಸಿ, ತೊಳೆದ ನೆಗೆಟಿವ್ ನೋಡಿದ ಮೇಲೆ ಹಣ ಕೊಡುವೆನೆಂದು ಹೇಳಿ. ಇಲ್ಲಿನ ಹಿರಿಯರು ಅದನ್ನು ತಪ್ಪು ತಿಳಿಯುವುದಿಲ್ಲ.